ವಯೋಮಿಂಗ್ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಬೇಟೆ: ಗೈಡ್‌ಗೆ ಕೊಟ್ಟ ದುಡ್ಡು ದಂಡವಾ?

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಪ್ರಾಂಗ್‌ಹಾರ್ನ್ ಅನ್ನೋ ಜಿಂಕೆಯಂಥ ಪ್ರಾಣಿಯ ಬೇಟೆ ಮಾಡಿಸಿದ ಕಂಪನಿಗೆ ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಐದಕ್ಕೆ ಮೂರೂವರೆ. ಬಯಲಿನಲ್ಲಿ ಪ್ರಾಣಿಯ ಹತ್ತಿರ ಹೋಗೋದು ಹೇಗೆ ಅಂತ ಕಲಿಸಿದ್ದಕ್ಕೆ ಪೂರ್ತಿ ಐದು. ಹೊಡೆದ ಮೇಲೆ ಮಾಂಸವನ್ನು ನೋಡಿಕೊಂಡ ರೀತಿಗೆ ಎರಡು, ಅದೂ ಜಾಸ್ತಿಯೇ ಆಯಿತು. ಊಟದ ವಿಷಯ ಕೇಳಲೇಬೇಡಿ.

ಕಂಪನಿಯ ಹೆಸರು ಬರೆಯೋದಿಲ್ಲ. ಕ್ಯಾಸ್ಪರ್, ಡಗ್ಲಸ್, ಜಿಲೆಟ್ ಸುತ್ತಮುತ್ತ ಇಂಥ ಬೇಟೆ ಕಂಪನಿಗಳು ಬೇಕಾದಷ್ಟಿವೆ, ಎಲ್ಲರ ಪ್ಯಾಕೇಜೂ ಹೆಚ್ಚುಕಡಿಮೆ ಒಂದೇ ತರ: ಒಬ್ಬ ಗೈಡ್, ಒಂದು ಟ್ರಕ್, ದನ ಸಾಕೋ ಯಾವುದೋ ರಾಂಚ್‌ನಲ್ಲಿ ಹಾಸಿಗೆ, ಬೇಕಿದ್ದರೆ ಬಾಡಿಗೆ ರೈಫಲ್. ನಾವು ಕೊಟ್ಟಿದ್ದು ತಲೆಗೆ ಎರಡೂವರೆ ಸಾವಿರ ಡಾಲರ್ ಹತ್ತಿರ. ಲೈಸೆನ್ಸ್ ದುಡ್ಡು ಬೇರೆ. ಯಾರ ಹತ್ತಿರ ಬುಕ್ ಮಾಡಿದರೂ ಈ ಬರಹ ಉಪಯೋಗಕ್ಕೆ ಬರಬಹುದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಇರೋದು ಪಕ್ಕದ ಕೊಲೊರಾಡೋ ರಾಜ್ಯದ ಡೆನ್ವರ್‌ನಲ್ಲಿ, ಊರು ತೀರ್ಥಹಳ್ಳಿ ಕಡೆ. ಬೇಟೆ ಅಂದರೆ ನನ್ನ ತಲೆಯಲ್ಲಿ ಇದ್ದಿದ್ದು ಅಜ್ಜನ ಕಾಲದ ಮಲೆನಾಡಿನ ಕತೆಗಳು. ಒಂದಷ್ಟು ಜನ ನಾಯಿ ಕರೆದುಕೊಂಡು ಹಳು ಸೋವೋದು (ಪೊದೆಗಳಿಂದ ಪ್ರಾಣಿ ಎಬ್ಬಿಸಿ ಓಡಿಸೋದು), ಕೋವಿ ಇದ್ದವರು ಬಿಲ್ಲಿಗೆ, ಅಂದರೆ ಹೊಂಚು ಹಾಕೋ ಜಾಗಕ್ಕೆ, ಕೂತು ಕಾಯೋದು, ಹಂದಿ ಹತ್ತು ಮಾರು ದೂರದಲ್ಲಿ ನುಗ್ಗಿ ಬರೋದು. ಅಲ್ಲಿ ಕಿವಿ ಮುಖ್ಯ, ಕಣ್ಣು ಆಮೇಲೆ. ವಯೋಮಿಂಗ್‌ನಲ್ಲಿ ಇದು ಪೂರ್ತಿ ಉಲ್ಟಾ. ಮರವೇ ಇಲ್ಲ. ಮೊಣಕಾಲೆತ್ತರದ ಸೇಜ್ ಪೊದೆ, ಒಣಗಿದ ಹುಲ್ಲು, ಮುಳ್ಳುತಂತಿ ಬೇಲಿ, ಗಾಳಿ. ಪ್ರಾಣಿ ಎರಡು ಮೈಲಿ ದೂರದಿಂದಲೇ ಕಾಣುತ್ತದೆ. ನೀವೂ ಅದಕ್ಕೆ ಕಾಣುತ್ತೀರಿ, ಅದೇ ತೊಂದರೆ.

ಪ್ರಾಂಗ್‌ಹಾರ್ನ್ ಅನ್ನು ಇಲ್ಲಿನವರು ಆಂಟಿಲೋಪ್ ಅಂತಲೇ ಕರೆಯುತ್ತಾರೆ, ಪ್ರೀತಿ ಜಾಸ್ತಿಯಾದರೆ ಸ್ಪೀಡ್ ಗೋಟ್. ನಿಜವಾಗಿ ನೋಡಿದರೆ ನಮ್ಮ ಕೃಷ್ಣಮೃಗದ ವಂಶಕ್ಕೆ ಸೇರಿದ್ದಲ್ಲ. ಇವತ್ತು ಬದುಕಿರುವ ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರದ ನೆಂಟರು ಜಿರಾಫೆ ಮತ್ತು ಒಕಾಪಿ. ದೊಡ್ಡ ಗಂಡು ಅಂದರೆ 50–55 ಕೆಜಿ ತೂಗಬಹುದು, ಭುಜದ ಹತ್ತಿರ ಮೂರಡಿ ಎತ್ತರ. ಗಂಟೆಗೆ 55 ಮೈಲಿ, ಅಂದರೆ ಹತ್ತಿರ ಹತ್ತಿರ 90 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಈಗ ಅದನ್ನು ಅಟ್ಟಿ ಹಿಡಿಯೋ ಪ್ರಾಣಿ ಈ ಖಂಡದಲ್ಲಿ ಒಂದೂ ಇಲ್ಲ. ಹಿಂದೆ ಇಲ್ಲಿ ಚೀತಾದಂಥ ಒಂದು ಬೆಕ್ಕು ಇತ್ತು, ಅದರಿಂದ ತಪ್ಪಿಸಿಕೊಳ್ಳೋಕೆ ಬಂದ ವೇಗ ಇದು ಅಂತ ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಕಣ್ಣು ದೊಡ್ಡದು, ತಲೆಯ ಎರಡು ಬದಿಗೆ ಉಬ್ಬಿಕೊಂಡಿರುತ್ತದೆ. ಮೇಯುತ್ತಾ ಇರುವಾಗಲೇ ಬೆನ್ನ ಹಿಂದಿನದು ಅರ್ಧಕ್ಕರ್ಧ ಕಾಣುತ್ತದೆ. ಗಾಬರಿಯಾದರೆ ಹಿಂಭಾಗದ ಬಿಳಿ ಕೂದಲನ್ನು ನಿಮಿರಿಸುತ್ತದೆ. ಆ ಬಿಳಿ ಹೊಳೆದದ್ದನ್ನು ನೋಡಿ ದೂರದ ಇನ್ನೊಂದು ಹಿಂಡೂ ತಲೆ ಎತ್ತುತ್ತದೆ.

ಹಾಗಾಗಿ ಪ್ರಾಣಿ ಹುಡುಕಿಕೊಡೋಕೆ ಗೈಡ್ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಐ-25 ಹೆದ್ದಾರಿಯಲ್ಲಿ ಡೆನ್ವರ್‌ನಿಂದ ಕ್ಯಾಸ್ಪರ್‌ಗೆ ಹೋಗುವಾಗ ಕಾರಿನ ಕಿಟಕಿಯಿಂದಲೇ ಹಿಂಡು ಹಿಂಡು ಕಾಣುತ್ತವೆ. ನಿಮ್ಮನ್ನು ಆಗಲೇ ನೋಡಿಬಿಟ್ಟಿರೋ ಪ್ರಾಣಿಯ ಇನ್ನೂರು ಗಜದೊಳಗೆ ಹೋಗೋದು ಹೇಗೆ ಅನ್ನೋದಕ್ಕೆ ಗೈಡ್ ಬೇಕು.

ನಮ್ಮ ಗೈಡ್ ಐವತ್ತು ದಾಟಿದ ಮನುಷ್ಯ, ರಾಂಚ್‌ನಲ್ಲೇ ಬೆಳೆದವನು, ಮಾತು ಕಡಿಮೆ. ಬೆಳಗ್ಗೆ ಕತ್ತಲಲ್ಲಿ ಎಬ್ಬಿಸಲಿಲ್ಲ. ಅದೇ ನನಗೆ ಮೊದಲ ಆಶ್ಚರ್ಯ. ಪ್ರಾಂಗ್‌ಹಾರ್ನ್ ಹಗಲೆಲ್ಲಾ ಬಯಲಲ್ಲೇ ಇರುತ್ತದೆ, ಕಾಡಿಗೆ ನುಸುಳೋ ಜಿಂಕೆ ಅಲ್ಲ, ಅವಸರ ಯಾಕೆ ಅಂದ. ಮೊದಲು ಗುರಿ ಪರೀಕ್ಷೆ. ಬಾಡಿಗೆಗೆ ಕೊಟ್ಟಿದ್ದು 6.5 ಕ್ರೀಡ್‌ಮೂರ್ ರೈಫಲ್. ಕಾಗದದ ಮೇಲೆ ನೂರು, ಇನ್ನೂರು, ಮುನ್ನೂರು ಗಜದಿಂದ ಹೊಡೆಸಿದ. ಮಲಗಿ ಹೊಡೆಸಿದ, ಆಮೇಲೆ ಕೂತು, ಕೋಲಿನ ಆಸರೆ ಇಟ್ಟುಕೊಂಡು. ನಿಂತು ಹೊಡೆಯೋದನ್ನು ಅಭ್ಯಾಸ ಮಾಡಿಸಲೇ ಇಲ್ಲ. ಇಲ್ಲಿ ನಿಂತರೆ ಹೊಡೆಯೋಕೆ ಏನೂ ಉಳಿಯಲ್ಲ ಅಂತ ಅವನ ವಾದ. ನನ್ನ ಜೊತೆ ಬಂದ ಹಾಸನದ ಗೆಳೆಯನ ಗುಂಡುಗಳು ಮುನ್ನೂರು ಗಜದಲ್ಲಿ ಒಂದಕ್ಕೊಂದು ದೂರ ದೂರ ಬಿದ್ದವು. ಗೈಡ್ ನೇರವಾಗಿ ಹೇಳಿದ, ನಿನಗೆ ಇನ್ನೂರು ಗಜವೇ ಗಡಿ, ಅದರಾಚೆ ನಾನು ಹೊಡೆಯೋಕೆ ಬಿಡಲ್ಲ. ದುಡ್ಡು ಕೊಟ್ಟ ಗಿರಾಕಿಗೆ ಹೀಗೆ ಹೇಳೋ ಧೈರ್ಯ ಇದೆಯಲ್ಲ, ಅದಕ್ಕೆ ಒಂದು ನಕ್ಷತ್ರ.

ಆಮೇಲೆ ಟ್ರಕ್ಕು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಓಡುತ್ತಿರೋ ಗಾಡಿಗೆ ಪ್ರಾಂಗ್‌ಹಾರ್ನ್ ಅಷ್ಟಾಗಿ ಹೆದರೋದಿಲ್ಲ, ಬೆಳಗ್ಗಿಂದ ಸಂಜೆವರೆಗೆ ರಾಂಚ್‌ನ ಗಾಡಿಗಳನ್ನು ನೋಡುತ್ತಲೇ ಇರುತ್ತದೆ. ಗಾಡಿ ನಿಂತಿತು ಅಂದರೆ ಮಾತ್ರ ತಲೆ ಎತ್ತುತ್ತದೆ, ಬಾಗಿಲು ತೆಗೆದರೆ ಮುಗೀತು. ನಮ್ಮವನು ಒಳ್ಳೆ ಗಂಡು ಕಂಡರೂ ವೇಗ ಕಡಿಮೆ ಮಾಡುತ್ತಿರಲಿಲ್ಲ. ಸುಮ್ನೆ ಮುಂದೆ ಹೋಗಿ, ದಿಬ್ಬ ದಾಟಿ, ಪ್ರಾಣಿಯ ಕಣ್ಣಿಗೆ ಪೂರ್ತಿ ಮರೆಯಾದ ಮೇಲೆ ನಿಲ್ಲಿಸೋನು. ಅಲ್ಲಿಂದ ದಿಬ್ಬದ ತುದಿಗೆ ತೆವಳಿ ಹೋಗಿ ಬೈನಾಕ್ಯುಲರ್ ಹಿಡಿದು ಅರ್ಧ ಗಂಟೆ ನೋಡೋದು. ಟ್ರೈಪಾಡ್ ಮೇಲೆ ಕೂರಿಸಿದ ಬೈನಾಕ್ಯುಲರ್‌ಗೂ ಕೈಯಲ್ಲಿ ಹಿಡಿದದ್ದಕ್ಕೂ ಇಷ್ಟು ವ್ಯತ್ಯಾಸ ಇದೆ ಅಂತ ನನಗೆ ಗೊತ್ತಿರಲಿಲ್ಲ. ಸೂರ್ಯ ಬೆನ್ನಿಗಿದ್ದರೆ ಹೊಟ್ಟೆಯ ಬಿಳಿ ಎಷ್ಟು ದೂರದಿಂದಲೂ ಹೊಳೆಯುತ್ತದೆ. ಮಧ್ಯಾಹ್ನ ನೆಲದ ಬಿಸಿ ಏರಿ ಎಲ್ಲಾ ಕುಣಿಯೋಕೆ ಶುರುವಾದಾಗ ಕೊಂಬಿನ ಅಳತೆ ಅಂದಾಜು ಮಾಡೋದು ವ್ಯರ್ಥ.

ಇನ್ನು ನೆಲ. ಮೊದಲ ನೋಟಕ್ಕೆ ಚಾಪೆ ಹಾಸಿದ ಹಾಗೆ ಕಾಣುತ್ತದೆ. ಹಾಗಿಲ್ಲ. ಮಳೆನೀರು ಕೊರೆದ ಒಣಹಳ್ಳಗಳು, ಸೊಂಟದ ಆಳದ ಕೊರಕಲುಗಳು, ಮೇಲಿನಿಂದ ನೋಡಿದರೆ ಗೊತ್ತೇ ಆಗದ ಸಣ್ಣ ತಗ್ಗುಗಳು ಎಲ್ಲಾ ಕಡೆ ಇವೆ. ಗೈಡ್‌ನ ನಿಜವಾದ ಕಸುಬು ಇವನ್ನು ಒಂದಕ್ಕೊಂದು ಸೇರಿಸಿ ದಾರಿ ಮಾಡೋದು. ಹೊರಡೋ ಮೊದಲು ಪ್ರಾಣಿಯ ಹತ್ತಿರ ಇರೋ ಯಾವುದಾದರೂ ಗುರುತು ಹಿಡಿಸೋನು: ಆ ಮುರಿದ ಬೇಲಿಗೂಟ, ಅದರ ಎಡಕ್ಕೆ ಎರಡು ದೊಡ್ಡ ಪೊದೆ. ಯಾಕೆಂದರೆ ಹಳ್ಳಕ್ಕೆ ಇಳಿದ ಮೇಲೆ ಎಲ್ಲಾ ದಿಬ್ಬವೂ ಒಂದೇ ತರ ಕಾಣುತ್ತದೆ, ಎಲ್ಲಿ ತಲೆ ಎತ್ತಬೇಕು ಅಂತ ಗೊತ್ತಾಗದೆ ಎತ್ತಿದರೆ ಅಷ್ಟೇ. ಇಣುಕುವಾಗಲೂ ಪೊದೆಯ ಮೇಲಿಂದ ಅಲ್ಲ, ಪಕ್ಕದಿಂದ. ಟೋಪಿ ತೆಗೆದು. ತಲೆಯ ಹಿಂದೆ ಬರೀ ಆಕಾಶ ಇರಬಾರದು. ರೈಫಲ್ ಬೇಟೆಯಲ್ಲಿ ಕಣ್ಣಿಗೆ ಹೊಡೆಯೋ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಒಂದು ಬಟ್ಟೆಯಾದರೂ ಮೈಮೇಲೆ ಇರಬೇಕು ಅಂತ ವಯೋಮಿಂಗ್ ಕಾನೂನು. ಅದು ಪ್ರಾಣಿಗೆ ಕಂಡುಬಿಡುತ್ತದೆ ಅಂತ ಚಿಂತೆ ಬೇಡ, ಬಣ್ಣಕ್ಕಿಂತ ಅಲುಗಾಟವೇ ನಮ್ಮನ್ನು ಹಿಡಿದುಕೊಡೋದು.

ತೆವಳೋದು ಅಂದೆನಲ್ಲ, ಅದು ತಮಾಷೆ ಅಲ್ಲ. ಸೇಜ್ ಪೊದೆಗಳ ನಡುವೆ ನೆಲಕ್ಕಂಟಿಕೊಂಡ ಪಾಪಾಸುಕಳ್ಳಿ ಎಲ್ಲೆಂದರಲ್ಲಿ ಇದೆ. ಕಂಪನಿ ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ಚರ್ಮದ ಕೈಗವಸು, ಮೊಣಕಾಲಿನ ಪ್ಯಾಡ್ ಎರಡೂ ಇರಲಿಲ್ಲ. ಇದು ಗಂಭೀರವಾದ ತಪ್ಪು, ಇದಕ್ಕೆ ಅರ್ಧ ನಕ್ಷತ್ರ ಕಡಿತ. ಗೆಳೆಯ ಅರ್ಧ ದಾರಿಯಲ್ಲಿ, "ಎದ್ದು ನಡೆಯೋಣ ಮಾರಾಯಾ, ಅವೂ ಸ್ವಲ್ಪ ವ್ಯಾಯಾಮ ಮಾಡಲಿ" ಅಂದ. ಗೈಡ್‌ಗೆ ಕನ್ನಡ ಬರದಿದ್ದರೂ ಅರ್ಥ ಆಯಿತು, ಕೈ ಮಾಡಿ ಇನ್ನೂ ತಗ್ಗಿಸಿದ.

ಮೊದಲ ಪ್ರಯತ್ನ ಕೆಟ್ಟಿತು. ನಾವು ಗುರಿಯಿಟ್ಟ ಗಂಡು ಮಲಗಿತ್ತು, ದಾರಿ ಸರಿಯಿತ್ತು, ಗಾಳಿಯೂ ನಮ್ಮ ಕಡೆಗೇ ಬೀಸುತ್ತಿತ್ತು. ಪಕ್ಕದ ತಗ್ಗಿನಲ್ಲಿ ಒಂಟಿ ಹೆಣ್ಣೊಂದು ಮಲಗಿದ್ದು ಯಾರಿಗೂ ಕಂಡಿರಲಿಲ್ಲ. ಅದು ಸೀನಿದ ಹಾಗೆ ಒಂದು ಸದ್ದು ಮಾಡಿ ಎದ್ದಿತು, ಇಡೀ ಹಿಂಡು ಎದ್ದಿತು, ಅಷ್ಟೇ, ಎರಡು ನಿಮಿಷದಲ್ಲಿ ಬಯಲಿನಾಚೆ ಬರೀ ಧೂಳು. ನಾನಾಗಿದ್ದರೆ ಟ್ರಕ್ ಹತ್ತಿ ಹಿಂದೆ ಹೋಗುತ್ತಿದ್ದೆ. ಗೈಡ್ ಮಾತ್ರ ಅಲ್ಲೇ ಕೂತು ತಿಂಡಿ ತೆಗೆದ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲವರೆಗೆ ಇವುಗಳ ಬೆದೆಯ ಕಾಲ. ಗಂಡು ತನ್ನ ಜಾಗವನ್ನೂ ಹೆಣ್ಣುಗಳನ್ನೂ ಬಿಟ್ಟು ಎಲ್ಲಿಗೂ ಹೋಗಲ್ಲ, ಸುತ್ತು ಹೊಡೆದು ಬಂದೇ ಬರುತ್ತದೆ ಅಂದ. ಅಟ್ಟಿದರೆ ಮಾತ್ರ ಕೌಂಟಿ ಬಿಟ್ಟೇ ಹೋಗುತ್ತದೆಯಂತೆ.

ಇಲ್ಲಿ ಬೇಲಿಯ ಕತೆ ಹೇಳಬೇಕು. ನನಗೆ ಇಡೀ ಪ್ರವಾಸದಲ್ಲಿ ತುಂಬಾ ಹಿಡಿಸಿದ್ದು ಇದು. ಇಷ್ಟು ವೇಗದ ಪ್ರಾಣಿ ಬೇಲಿ ಹಾರೋದು ಬಲು ಅಪರೂಪ! ಬಯಲಿನಲ್ಲೇ ವಿಕಾಸವಾದ ಪ್ರಾಣಿ, ಎತ್ತರಕ್ಕೆ ನೆಗೆಯೋ ಪ್ರಸಂಗವೇ ಅದಕ್ಕೆ ಬಂದಿರಲಿಲ್ಲ. ಹಾಗಾಗಿ ಕೆಳಗಿನ ತಂತಿಯಡಿ ನುಸುಳುತ್ತದೆ. ಅದೂ ಕಂಡ ಕಂಡಲ್ಲಿ ಅಲ್ಲ, ತಂತಿ ಸ್ವಲ್ಪ ಎತ್ತರ ಇರೋ ಕೆಲವೇ ಜಾಗಗಳಲ್ಲಿ. ಆ ಜಾಗಗಳಲ್ಲಿ ನೆಲ ಸವೆದಿರುತ್ತದೆ, ತಂತಿಯ ಮುಳ್ಳಿಗೆ ಟೊಳ್ಳು ಕೂದಲು ಸಿಕ್ಕಿಕೊಂಡಿರುತ್ತದೆ. ವನ್ಯಜೀವಿ ಇಲಾಖೆಯವರು ಕೆಳಗಿನ ತಂತಿಯನ್ನು ಮುಳ್ಳಿಲ್ಲದೆ, ನೆಲದಿಂದ 16 ಇಂಚಾದರೂ ಮೇಲೆ ಕಟ್ಟಿ ಅಂತ ರಾಂಚ್‌ನವರಿಗೆ ಹೇಳುತ್ತಲೇ ಇರೋದು ಇದಕ್ಕೇ. ನಮ್ಮ ಗೈಡ್‌ಗೆ ಆ ಸುತ್ತಿನ ಇಂಥ ಕಿಂಡಿಗಳೆಲ್ಲಾ ಬಾಯಿಪಾಠ. ಓಡಿದ ಹಿಂಡು ಯಾವ ಬೇಲಿಗೆ ಸಿಕ್ಕಿ ಯಾವ ಕಿಂಡಿಗೆ ಬರುತ್ತದೆ ಅಂತ ಲೆಕ್ಕ ಹಾಕಿ, ಕಿಂಡಿಯಿಂದ ಇನ್ನೂರು ಗಜ ದೂರದ ಒಣಹಳ್ಳದ ದಡದಲ್ಲಿ ನಮ್ಮನ್ನು ಮಲಗಿಸಿದ. ನನಗೆ ಆಗ ಅಜ್ಜನ ಬಿಲ್ಲು ನೆನಪಾಯಿತು. ವ್ಯತ್ಯಾಸ ಇಷ್ಟೇ, ಇಲ್ಲಿ ಸೋವೋರು ಯಾರೂ ಇಲ್ಲ. ಪ್ರಾಣಿ ತನ್ನ ಪಾಡಿಗೆ ತಾನು ಬರಬೇಕು, ಅಲ್ಲಿವರೆಗೆ ಇರುವೆ ಕಚ್ಚಿದರೂ ಅಲುಗಾಡಬಾರದು.

ಗಂಟೆಗಳೇ ಆದವು. ಬಂತು. ಮೊದಲು ಹೆಣ್ಣುಗಳು ಒಂದೊಂದಾಗಿ ನುಸುಳಿದವು, ಕೊನೆಯಲ್ಲಿ ಗಂಡು. ಕೆನ್ನೆಯ ಕಪ್ಪು ಮಚ್ಚೆ, ಕಿವಿಗಿಂತ ಎರಡರಷ್ಟು ಉದ್ದದ ಕೊಂಬು. ಹೊಡೀಬಹುದು ಅಂತ ನಾನು ಅಂದುಕೊಂಡಾಗ ಗೈಡ್ ಬೇಡ ಅಂದ, ಹಿಂದೆ ಇನ್ನೊಂದು ಹೆಣ್ಣು ನಿಂತಿತ್ತು. ಗುಂಡು ಒಂದನ್ನು ದಾಟಿ ಇನ್ನೊಂದಕ್ಕೆ ತಗಲೋದು ಹಿಂಡಿನಲ್ಲಿ ಸಾಮಾನ್ಯ. ಅದು ಸರಿದ ಮೇಲೆ ದೂರ ಅಳೆದ, 190 ಗಜ. ನನ್ನ ಕಣ್ಣಿಗೆ ಮುನ್ನೂರರ ಮೇಲೆ ಕಂಡಿತ್ತು. ಪ್ರಾಣಿ ಚಿಕ್ಕದು, ಪಕ್ಕದಲ್ಲಿ ಹೋಲಿಸೋಕೆ ಒಂದು ಮರ ಇಲ್ಲ, ಹಾಗಾಗಿ ದೂರ ಅಳೆಯೋ ಯಂತ್ರ ಇಲ್ಲದೆ ಈ ಬಯಲಿಗೆ ಇಳಿಯಬಾರದು. ಗಾಳಿ ಇನ್ನೊಂದು ಕಾಟ. ಗಂಟೆಗೆ ಹತ್ತು ಮೈಲಿ ಅಡ್ಡಗಾಳಿ ಇದ್ದರೆ ಮುನ್ನೂರು ಗಜ ಹೋಗೋವಷ್ಟರಲ್ಲಿ ಗುಂಡು ಅರ್ಧ ಅಡಿಯಷ್ಟು ಪಕ್ಕಕ್ಕೆ ಸರಿಯುತ್ತದೆ, ವಯೋಮಿಂಗ್‌ನಲ್ಲಿ ಹತ್ತು ಮೈಲಿ ಅಂದರೆ ಗಾಳಿಯೇ ಇಲ್ಲ ಅಂತ ಲೆಕ್ಕ. ಇದಕ್ಕೇ ಇನ್ನಷ್ಟು ಹತ್ತಿರ ತೆವಳೋದು, ದೂರದಿಂದ ಹೊಡೆದು ಜಂಬ ಕೊಚ್ಚೋದಲ್ಲ. ಒಂದೇ ಈಡಿಗೆ ಬಿತ್ತು.

ಇಲ್ಲಿಂದ ಮುಂದೆ ಕಂಪನಿಯ ಮೇಲೆ ನನಗೆ ಸಿಟ್ಟಿದೆ.

ಪ್ರಾಂಗ್‌ಹಾರ್ನ್ ಮಾಂಸ ಸೊಪ್ಪಿನ ವಾಸನೆ ಹೊಡೆಯುತ್ತದೆ, ತಿನ್ನೋಕಾಗಲ್ಲ ಅಂತ ಇಲ್ಲಿ ತುಂಬಾ ಜನ ಮೂಗು ಮುರಿಯುತ್ತಾರೆ. ಅದರಲ್ಲಿ ಬಹುಪಾಲು ಪ್ರಾಣಿಯ ತಪ್ಪಲ್ಲ. ಸೆಪ್ಟೆಂಬರ್ ಬಿಸಿಲು, ಮೈಮೇಲೆ ಕಂಬಳಿಯಂಥ ಟೊಳ್ಳು ಕೂದಲು, ಒಳಗೆ ಶಾಖ. ಕೂಡಲೇ ಕರುಳು ತೆಗೆದು, ಚರ್ಮ ಸುಲಿದು, ಐಸ್ ಮೇಲೆ ಹಾಕಿದರೆ ಮಾಂಸ ಎಳೆಯದಾಗಿ, ಸಿಹಿಯಾಗಿ ಇರುತ್ತದೆ. ಗೈಡ್ ಹೊಟ್ಟೆ ಸೀಳಿ ಶುಚಿ ಮಾಡೋವರೆಗೆ ಬಹಳ ಚೆನ್ನಾಗಿ ಮಾಡಿದ. ಟ್ರಕ್‌ನಲ್ಲಿ ಐಸ್ ಪೆಟ್ಟಿಗೆ ತೆಗೆದರೆ ಒಳಗೆ ಬರೀ ಸೋಡಾ ಕ್ಯಾನು. ಐಸ್ ರಾಂಚ್‌ನಲ್ಲಿದೆ ಅಂದರು. ಮಧ್ಯಾಹ್ನದ ಪಾಳಿಗೆ ಬಂದ ಇನ್ನೊಬ್ಬ ಹುಡುಗ ಗೈಡ್, ಗೆಳೆಯನ ಬೇಟೆ ಮುಗಿಸಿಕೊಂಡೇ ಹೋಗೋಣ ಅಂತ ಹಟ ಹಿಡಿದ. ಚರ್ಮ ಸುಲಿಯದ ಪ್ರಾಣಿ ಗಂಟೆಗಟ್ಟಲೆ ಟ್ರಕ್ಕಿನ ಹಿಂದೆ ಬಿಸಿಲಲ್ಲಿ. ನಾನು ಎರಡು ಸಲ ಹೇಳಿದೆ, ಮೂರನೇ ಸಲ ದನಿ ಏರಿಸಿದೆ, ಆಗ ಹತ್ತಿರದ ಪೆಟ್ರೋಲ್ ಬಂಕ್‌ಗೆ ಹೋಗಿ ಐಸ್ ಮೂಟೆ ತಂದರು. ಇಷ್ಟು ದುಡ್ಡು ತೆಗೆದುಕೊಂಡ ಮೇಲೆ ಐಸ್‌ಗೆ ಜಗಳ ಆಡಬೇಕಾ?

ಆ ಹುಡುಗನ ಬಗ್ಗೆ ಇನ್ನೊಂದು ಮಾತು. ಅವನಿಗೆ ತಾಳ್ಮೆಯೇ ಇಲ್ಲ. ಹಿಂಡು ಕಂಡ ಕೂಡಲೇ ನೇರ ಟ್ರಕ್ ಓಡಿಸಿ, ಬ್ರೇಕ್ ಹಾಕಿ, ಇಳಿ ಇಳಿ ಹೊಡಿ ಹೊಡಿ. ಗಾಡಿಯಲ್ಲಿ ಅಟ್ಟಿಕೊಂಡು ಹೋಗೋದಾಗಲಿ, ಗಾಡಿಯಿಂದ ಅಥವಾ ಸಾರ್ವಜನಿಕ ರಸ್ತೆಯಿಂದ ಗುಂಡು ಹಾರಿಸೋದಾಗಲಿ ಕಾನೂನಿಗೆ ವಿರುದ್ಧ. ಇವನು ಅಷ್ಟರವರೆಗೆ ಹೋಗಲಿಲ್ಲ, ಗೆರೆಯ ಪಕ್ಕದಲ್ಲೇ ಕುಣಿಯುತ್ತಿದ್ದ. ಗೆಳೆಯ ಒಂದು ಗುಂಡೂ ಹಾರಿಸಲಿಲ್ಲ. ಮಾರನೇ ದಿನ ಹಳೆಯ ಗೈಡೇ ಬೇಕು ಅಂತ ಪಟ್ಟು ಹಿಡಿದ, ಸಿಕ್ಕಿದ, ಮತ್ತೆ ಹಳ್ಳದಲ್ಲಿ ತೆವಳಿ 150 ಗಜದಿಂದ ಕೆಲಸ ಮುಗಿಸಿದ.

ವಸತಿ ಚೊಕ್ಕಟ. ಊಟಕ್ಕೆ ತಣ್ಣನೆ ಟರ್ಕಿ ಸ್ಯಾಂಡ್‌ವಿಚ್, ರಾತ್ರಿ ಅದರ ತಮ್ಮ. ಉಪ್ಪಿನಕಾಯಿ ಒಯ್ಯಿರಿ.

ಲೈಸೆನ್ಸ್ ವಿಷಯ ಕಂಪನಿ ಮಾಡಿಕೊಡುತ್ತದೆ ಅಂತ ಸುಮ್ಮನಿರಬೇಡಿ. ಹೊರ ರಾಜ್ಯದವರಿಗೆ ಲಾಟರಿ ಪದ್ಧತಿ, ಅರ್ಜಿ ಬೇಸಿಗೆ ಶುರುವಿಗೇ ಮುಗಿದುಹೋಗುತ್ತದೆ. ಸಾಮಾನ್ಯ ದರ ಮುನ್ನೂರು ಚಿಲ್ಲರೆ ಡಾಲರ್ ಇತ್ತು, ಸ್ಪೆಷಲ್ ಅನ್ನೋ ಇನ್ನೊಂದು ದರ ಅದಕ್ಕಿಂತ ಬಹಳ ದುಬಾರಿ. 1966ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮಾಡಿರಬೇಕು. ನಮ್ಮವರಿಗೆ ಮುಖ್ಯವಾದದ್ದು ಒಂದಿದೆ: ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಹಿಡಿಯೋದನ್ನು ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅಂದರೆ ಲೈಸೆನ್ಸ್ ಕೈಗೆ ಬರೋ ಮೊದಲು ಗೆಳೆಯನ ರೈಫಲ್ ಹಿಡಿದು ಫೋಟೋ ತೆಗೆಸಿಕೊಳ್ಳೋ ಆಸೆ ಕೂಡ ಬೇಡ. ವಕೀಲರನ್ನು ಒಂದು ಮಾತು ಕೇಳಿ.

ಗೈಡ್ ಇಲ್ಲದೆ ಹೋಗಬಹುದಾ? ಖಂಡಿತ. ವಯೋಮಿಂಗ್‌ನಲ್ಲಿ ಹೊರಗಿನವರಿಗೆ ಗೈಡ್ ಕಡ್ಡಾಯ ಇರೋದು ವೈಲ್ಡರ್‌ನೆಸ್ (ಮನುಷ್ಯರ ಕೈ ಸೋಕದ ಕಾಡುಪ್ರದೇಶ) ಅಂತ ಘೋಷಣೆಯಾದ ಜಾಗಗಳಲ್ಲಿ ಮಾತ್ರ, ಪ್ರಾಂಗ್‌ಹಾರ್ನ್ ಇರೋ ಬಯಲು ಹೆಚ್ಚಾಗಿ ಅದರಲ್ಲಿ ಬರೋದಿಲ್ಲ. ಸರ್ಕಾರಿ ನೆಲ ಬೇಕಾದಷ್ಟಿದೆ. ಆದರೆ ಅದರ ನಕ್ಷೆ ನೋಡಿದರೆ ತಲೆ ತಿರುಗುತ್ತದೆ. 1860ರ ದಶಕದಲ್ಲಿ ರೈಲು ಕಂಪನಿಗೆ ಹಳಿಯ ಎರಡೂ ಕಡೆ ಒಂದು ಬಿಟ್ಟು ಒಂದು ಚದರ ಮೈಲಿ ಕೊಟ್ಟಿದ್ದರಿಂದ ರಾಜ್ಯದ ದಕ್ಷಿಣ ಭಾಗ ಚದುರಂಗದ ಮಣೆ ಆಗಿಬಿಟ್ಟಿದೆ, ಒಂದು ಮನೆ ಸರ್ಕಾರದ್ದು, ಪಕ್ಕದ್ದು ಖಾಸಗಿ. ಎಲ್ಕ್ ಮೌಂಟನ್ ಹತ್ತಿರ ಏಣಿ ಇಟ್ಟು, ಖಾಸಗಿ ನೆಲ ಮೆಟ್ಟದೆ, ಒಂದು ಸರ್ಕಾರಿ ಮನೆಯ ಮೂಲೆಯಿಂದ ಇನ್ನೊಂದರ ಮೂಲೆಗೆ ದಾಟಿದ ಬೇಟೆಗಾರರ ಮೇಲೆ ಜಮೀನ್ದಾರ ಕೇಸು ಹಾಕಿದ್ದ, 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಆದರೂ ಆನ್‌ಎಕ್ಸ್‌ನಂಥ ನಕ್ಷೆ ಆ್ಯಪ್ ಇಲ್ಲದೆ ಹೋಗಬೇಡಿ. ಹೆಣ್ಣು ಪ್ರಾಣಿಯ ಲೈಸೆನ್ಸ್ ಅಗ್ಗ, ಮಾಂಸವೂ ಚೆನ್ನ, ಸ್ವಂತ ಹೋಗೋರಿಗೆ ಅದೇ ಒಳ್ಳೆ ಶುರು. 2022–23ರ ಚಳಿಗಾಲದಲ್ಲಿ, ಪೈನ್‌ಡೇಲ್ ಕಡೆ ಅದರ ಜೊತೆ ಬಂದ ರೋಗದಲ್ಲಿ, ಪ್ರಾಂಗ್‌ಹಾರ್ನ್ ತುಂಬಾ ಸತ್ತವು, ಹಾಗಾಗಿ ಎಲ್ಲಾ ಭಾಗದಲ್ಲೂ ಅವಕಾಶ ಒಂದೇ ತರ ಇಲ್ಲ.

ಇದೇ ಕಂಪನಿ ಆಗಸ್ಟ್ ಮಧ್ಯದಿಂದ ಬಿಲ್ಲುಬಾಣದ ಬೇಟೆಯನ್ನೂ ಮಾಡಿಸುತ್ತದೆ. ನೀರಿನ ಹೊಂಡದ ಪಕ್ಕ ಗುಡಾರದಂಥ ಮರೆಯಲ್ಲಿ ಬೆಳಗ್ಗಿಂದ ಸಂಜೆವರೆಗೆ ಬೇಯಬೇಕು. ಹಿಂದಿನ ದಿನ ಮಳೆ ಬಂದು ಎಲ್ಲಾ ಕಡೆ ನೀರು ನಿಂತರೆ ದಿನ ದಂಡ. ಬೆದೆ ಕಾಲದಲ್ಲಿ ಗಂಡಿನ ಚಿತ್ರದ ಬಟ್ಟೆ ಗೊಂಬೆ ಹಿಡಿದು ಹತ್ತಿರ ಹೋಗೋದೂ ಇದೆ, ಸಿಟ್ಟಿಗೆದ್ದ ಗಂಡು ತಾನೇ ಓಡಿ ಬರುತ್ತದೆ. ಸುತ್ತ ರೈಫಲ್ ಹಿಡಿದವರು ಇರುವಾಗ ಅದನ್ನು ಮಾಡೋದು ಹುಚ್ಚುತನ.

ಊರಿನಲ್ಲಿ ಈ ಕತೆ ಹೇಳಿದಾಗ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು, ಅಷ್ಟು ಚೆಂದದ ಪ್ರಾಣಿ ಹೊಡೆಯೋಕೆ ಮನಸ್ಸು ಹೇಗೆ ಬಂತು ಅಂತ. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಮುಗಿಯಿತು, ರಾಣೆಬೆನ್ನೂರಿನ ಬಯಲಲ್ಲಿ ಕೃಷ್ಣಮೃಗ ಉಳಿದಿದ್ದೂ ಅದರಿಂದಲೇ, ಅದು ಹಾಗೇ ಇರಲಿ. ಇಲ್ಲಿ ಲೆಕ್ಕಾಚಾರ ಬೇರೆ. 20ನೇ ಶತಮಾನದ ಶುರುವಿನಲ್ಲಿ ಪ್ರಾಂಗ್‌ಹಾರ್ನ್ ಹತ್ತಿಪ್ಪತ್ತು ಸಾವಿರಕ್ಕೆ ಇಳಿದಿತ್ತು, ಈಗ ಲಕ್ಷಗಟ್ಟಲೆ ಇವೆ. ಅವನ್ನು ಮತ್ತೆ ಬೆಳೆಸಿದ ಖರ್ಚಿನ ದೊಡ್ಡ ಪಾಲು ಬಂದಿದ್ದು ಲೈಸೆನ್ಸ್ ದುಡ್ಡಿನಿಂದ, ಮತ್ತೆ 1937ರ ಕಾನೂನಿನಂತೆ ರೈಫಲ್, ಗುಂಡುಗಳ ಮೇಲೆ ಹಾಕೋ 11 ಶೇಕಡಾ ತೆರಿಗೆಯಿಂದ. ನಮ್ಮ ಕೃಷ್ಣಮೃಗವನ್ನೇ 1930ರ ದಶಕದಲ್ಲಿ ಟೆಕ್ಸಸ್‌ಗೆ ತಂದು ಬಿಟ್ಟಿದ್ದಾರೆ, ಅಲ್ಲಿನ ಖಾಸಗಿ ರಾಂಚ್‌ಗಳಲ್ಲಿ ದುಡ್ಡು ಕೊಟ್ಟರೆ ಅದನ್ನೂ ಹೊಡೆಯಬಹುದು. ಅದಕ್ಕೆ ಮಾತ್ರ ನನಗೆ ಮನಸ್ಸಾಗಲಿಲ್ಲ. ತರ್ಕ ಕೇಳಬೇಡಿ.

ಬುಕ್ ಮಾಡೋರಿಗೆ ಕೊನೆಗೆ ಇಷ್ಟು. ಗೈಡ್‌ಗಳಿಗೆ ಪರವಾನಗಿ ಕೊಡೋಕೆ ವಯೋಮಿಂಗ್‌ನಲ್ಲಿ ಒಂದು ರಾಜ್ಯ ಮಂಡಳಿಯೇ ಇದೆ, ಕಂಪನಿ ಅದರ ಪಟ್ಟಿಯಲ್ಲಿದೆಯಾ ಅಂತ ನೋಡಿ. ಫೋನಿನಲ್ಲಿ ಕೊಂಬಿನ ಅಳತೆ, ಯಶಸ್ಸಿನ ಶೇಕಡಾ ಕೇಳಬೇಡಿ, ಎಲ್ಲರೂ ನೂರಕ್ಕೆ ನೂರು ಅಂತಾರೆ. ನಡೆಸಿ ಬೇಟೆ ಮಾಡಿಸ್ತೀರಾ, ಟ್ರಕ್‌ನಲ್ಲಾ? ಎರಡು ದಿನವೂ ಒಬ್ಬನೇ ಗೈಡಾ? ಪ್ರಾಣಿ ಬಿದ್ದ ಎಷ್ಟು ಹೊತ್ತಿಗೆ ಚರ್ಮ ಸುಲಿದು ಐಸ್‌ಗೆ ಹಾಕ್ತೀರಾ? ಈ ಮೂರಕ್ಕೆ ತಡವರಿಸದೆ ಉತ್ತರ ಕೊಟ್ಟರೆ ಮುಂಗಡ ಕಳಿಸಿ. ಆ ಹಳೆಯ ಗೈಡ್ ಮುಂದಿನ ವರ್ಷ ಸ್ವಂತ ಕಂಪನಿ ಮಾಡುತ್ತಾನಂತೆ. ಮಾಡಿದರೆ ಹೋಗುತ್ತೇನೆ, ಐಸ್ ಪೆಟ್ಟಿಗೆ ನನ್ನದೇ ಇರುತ್ತದೆ.